ನೂರು ಉಸಿರಿನ ಮದ್ದು

ಟಿಕ್ ಟಿಕ್ ಟಿಕ್. ಬೀದರದ ನಮ್ಮ ಓಣಿಯಲ್ಲಿ ಬಿದರಿ ಕೆಲಸದವರು ಹೂಜಿಯ ಕಪ್ಪು ಮೈಗೆ ಬೆಳ್ಳಿ ತಂತಿ ಕೂರಿಸುವ ಸದ್ದಿನೊಂದಿಗೆ ಆ ಭಾನುವಾರ ಬೆಳಗಾಯಿತು. ಏಳುತ್ತಲೇ ಘೋಷಿಸಿದೆ: ಇಂದಿನಿಂದ ನನಗೆ ಸಿಟ್ಟೇ ಇಲ್ಲ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಮೂರು ವರ್ಷ. ಹೊಸದಾಗಿ ತೆರೆದ ಕನ್ನಡ ಶಾಲೆಯೊಂದರಲ್ಲಿ ನಾನು ಹಂಗಾಮಿ ಶಿಕ್ಷಕಿ. ಕಾಯಂ ಮಾಡುವ ಹುಕುಂ ಹೈದರಾಬಾದಿನಿಂದ ಬಂದಿತ್ತು. ಶಾಲಾ ಇನ್‌ಸ್ಪೆಕ್ಟರ್ ಅಬ್ದುಲ ವಾಹೀದ ಸಾಹೇಬರು ಅದನ್ನು ಆ ದಿನ ಮನೆಗೇ ತರುವವರಿದ್ದರು; ಆದರೆ ನನ್ನ ಸ್ವಭಾವ ಸಮಾಧಾನದ್ದೆಂದು ಕಣ್ಣಾರೆ ಕಂಡರೆ ಮಾತ್ರ ಕೊಡುವರು. ಹೋದ ತಿಂಗಳು ಶಾಲಾ ಕಮಿಟಿಯವರೊಬ್ಬರ ಕೊಡೆಯನ್ನು ನಾನು ಕಿಟಕಿಯಿಂದ ಎಸೆದಿದ್ದೆ. ಕೊಡೆ ಬಿಚ್ಚಿಕೊಂಡು ಚೆಂದವಾಗಿಯೇ ಇಳಿಯಿತು. ದೂರು ಮಾತ್ರ ಮೇಲಕ್ಕೆ ಹೋಯಿತು.

ಟ್ರೇನಿಂಗಿನಲ್ಲಿ ಮನಃಶಾಸ್ತ್ರ ಓದಿದವಳಿಗೆ ಮದ್ದು ಗೊತ್ತಿರದೆ? ಕಣ್ಣು ಮುಚ್ಚಿ, ಸಿಟ್ಟನ್ನು ಎಡ ಅಂಗೈಯಲ್ಲಿ ಕೂರಿಸಿದಂತೆ ನೆನೆದು, ನೂರು ಉಸಿರು ಎಣಿಸಿದರೆ ಅದು ತಾನೇ ಇಳಿಯುತ್ತದೆ. ನಡುವೆ ಕದಡಿದರೆ ಮತ್ತೆ ಒಂದರಿಂದ.

ಅಷ್ಟರಲ್ಲಿ ಒಲೆ ಚುಂಯ್ ಎಂದಿತು. ಸಾಹೇಬರ ಚಹಾದ ಹಾಲು.

"ಹಾಲು ನೋಡ್ರಿ ಅಂತ ಹೇಳಿದ್ದಿಲ್ಲೇನ್ರಿ?"

"ನೋಡ್ಲಿಕತ್ತಿದ್ದೆ," ಎಂದರು ನಮ್ಮವರು, ಮಡೆಪ್ಪನವರು. "ನೋಡ್‌ನೋಡ್ತನ ಉಕ್ಕತು."

ಬಾಗಿಲಿಗೆ ಬೆನ್ನು ಹಾಕಿ ಕೂತೆ. ಕಣ್ಣು ಮುಚ್ಚಿದೆ. ಎಡ ಅಂಗೈ ಎದೆಮಟ್ಟಕ್ಕೆ. ಒಂದು, ಎರಡು.

ಮುಂದಿನದೆಲ್ಲ ಆಮೇಲೆ ತಿಳಿದದ್ದು. ನಮ್ಮದು ಲಿಂಗವಂತರ ಮನೆ; ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವವರು. ಹಾಗೆ ಅಂಗೈ ಎತ್ತಿ ಕೂತವರನ್ನು ಪೂಜೆ ಮುಗಿಯುವ ತನಕ ಯಾರೂ ಮಾತಾಡಿಸುವುದಿಲ್ಲ. ಇವರು ನನ್ನ ಬೆನ್ನು ಕಂಡು, ಬಂದ ಸಾಹೇಬರಿಗೆ ಪಿಸುಗುಟ್ಟಿದರು: "ಪೂಜಾ ನಡದದರಿ. ಜರಾ ಕುಂದರ್ರಿ."

ಸಾಹೇಬರು ಬೂಟು ಕಳಚಿ, ಹುಕುಂ ಮಂಚದ ಮೇಲಿಟ್ಟು, ಅದಬಿನಿಂದ, ಮರ್ಯಾದೆಯಿಂದ ಕೂತರು. ಪಕ್ಕದ ಮನೆಯ ಮೇಕೆಗೆ ಅದಬು ಗೊತ್ತಿಲ್ಲ. ಒಳಗೆ ಬಂತು, ಕಾಗದ ಮೂಸಿತು, ಮೇಯತೊಡಗಿತು. ಇಬ್ಬರು ಗಂಡಸರೂ ಪೂಜೆ ಕೆಟ್ಟೀತೆಂದು ಉಸಿರು ಬಿಗಿಹಿಡಿದು ಬರೀ ಕೈಯಾಡಿಸಿ ಅದನ್ನು ಓಡಿಸಲು ನೋಡಿದರಂತೆ.

ಅರವತ್ತಮೂರನೆಯ ಉಸಿರಿಗೆ ನನ್ನ ಬೆನ್ನ ಹಿಂದೆ ಸರಪರ ಕೇಳಿಸಿತು. ಇವರು ಅಣಕಿಸುತ್ತಿದ್ದಾರೆ ಎಂದು ಸಿಟ್ಟು ಮರಳಿ ಬಂತು. ಸೋಲಲಿಲ್ಲ ನಾನು. ಮತ್ತೆ ಒಂದರಿಂದ ಎಣಿಸಿದೆ.

ನೂರಾಯಿತು. ಮನಸ್ಸು ತಿಳಿ ನೀರಾಗಿತ್ತು. ತಿರುಗಿದೆ. ಮೇಕೆಯ ಬಾಯಿಂದ ಹುಕುಮಿನ ಮೊಹರಿದ್ದ ಅರ್ಧ ನೇತಾಡುತ್ತಿತ್ತು. ಉಳಿದರ್ಧ ಹೊಟ್ಟೆಯಲ್ಲಿ.

"ಪೂಜಾ ಮುಗೀತೇನ್ರಿ ಬಾಯಿ?" ಎಂದರು ಸಾಹೇಬರು.

"ಪೂಜಾ ಅಲ್ರಿ ಸಾಹೇಬ್ರ. ಸಿಟ್ಟು ಇಳಸ್ಲಿಕತ್ತಿದ್ದೆ."

ಅವರು ನನ್ನನ್ನು ನೋಡಿದರು. ನಮ್ಮವರನ್ನು ನೋಡಿದರು. ನಮ್ಮವರು ಛಾವಣಿ ನೋಡಿದರು. ಮೇಕೆ ಸಂದರ್ಭ ಅರಿತು ಹೊರಗೆ ಜಿಗಿಯಿತು.

"ಮೊಹರಿನ ತುಂಡು ಸಿಕ್ಕರ ನಕಲು ತರಸ್ಬಹುದು," ಎಂದು ಸಾಹೇಬರು ನಿಟ್ಟುಸಿರಿಟ್ಟರು. "ಸಿಗಲಿಲ್ಲಂದ್ರ ಮುಂದಿನ ವರ್ಷನೇ. ಇರ್ಲಿ, ಮಿಜಾಜಿನ ಬಗ್ಗೆ ಏನ್ ಬರೀಲಿರಿ? ಸಿಟ್ಟು ಇಳದದೇನು?"

"ಪೂರಾ ಇಳದದರಿ," ಎಂದೆ ಮೂಲೆಯ ಒನಕೆ ಎತ್ತಿಕೊಳ್ಳುತ್ತ. "ಭಾಳ ಶಾಂತ ಹೆಣ್ಮಗಳು ಅಂತ ಬರೀರಿ. ನೀವು ಬರ್ಯೂದರಾಗ ನಾ ಆ ಮ್ಯಾಕಿದು ಜರಾ," ಎಂದು ಹೊಸ್ತಿಲು ದಾಟಿ ಮೇಕೆಯ ಹಿಂದೆ ಓಡಿದೆ.