ಮೆಣಸಿನ ಸಸಿಗಳ ಮೇಲಿನ ಟ್ಯೂಬ್‌ಲೈಟು

ಮೂವತ್ತೊಂದು ವರ್ಷ ರೈಲ್ವೆ ಸಿಗ್ನಲ್ ದೀಪಗಳನ್ನು ಆಳಿದವನಿಗೆ ಒಂದು ಟ್ಯೂಬ್‌ಲೈಟು ಯಾವ ಲೆಕ್ಕ! ಲೆಸ್ಕೊವಾಟ್ಸ್ ಪಟ್ಟಣದ ಒಂದು ಮೂರನೇ ಮಹಡಿಯ ಮನೆಯಲ್ಲಿ ನಿವೃತ್ತ ಟಿಹೊಮಿರ್ ಹೀಗೆಂದು ತೋಳೇರಿಸಿದ್ದು ಚಳಿ ಇನ್ನೂ ಬಿಡದ ಮಾರ್ಚ್ ತಿಂಗಳ ಒಂದು ಬೆಳಗ್ಗೆ. ಗಾಜು ಹಾಕಿಸಿದ ಬಾಲ್ಕನಿಯಲ್ಲಿ ಅವನ ಹೆಂಡತಿ ರಾಡ್ಮಿಲಾ ಮೆಣಸಿನ ಸಸಿ ಬೆಳೆಸುತ್ತಿದ್ದಳು. ಅವಳ ತೀರಿಹೋದ ತಾಯಿ ಕೊಟ್ಟಿದ್ದ ತಳಿ. ಬೆಳಕು ಸಾಲದಿದ್ದರೆ ನರಪೇತಲವಾಗಿಬಿಡುವ ಜಾತಿ. ಅವುಗಳ ಮೇಲಿನ ಟ್ಯೂಬ್‌ಲೈಟೇ ಮೂರು ದಿನದಿಂದ ಪಕ್ ಪಕ್ ಎಂದು ಹತ್ತಿ ಆರುತ್ತಿತ್ತು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಸ್ಲಾವ್ಕೊನನ್ನು ಕರೆಯೋಣವೆಂದು ಅವಳು ಹೇಳಿದಳು. ಟಿಹೊಮಿರ್‌ಗೆ ಅದು ಇಡೀ ರೈಲ್ವೆ ಇಲಾಖೆಗೇ ಆದ ಅವಮಾನದಂತೆ ಕಂಡಿತು.

ಸ್ಟಾರ್ಟರ್ ಬದಲಿಸಿದ. ದೀಪ ಕಣ್ಣು ಮಿಟುಕಿಸಿತು. ಅಂಗಡಿಗೆ ಹೋಗಿ ಹೊಸ ಟ್ಯೂಬು ತಂದು ಹಾಕಿದ. ಅದೂ ಕಣ್ಣು ಹೊಡೆಯಿತು. ತಪ್ಪೆಲ್ಲ ಚೋಕಿನದು ಎಂದು ತೀರ್ಪು ಕೊಟ್ಟು ಅದನ್ನೂ ಬದಲಿಸಿದ. ಉಹೂಂ.

“ಸ್ಲಾವ್ಕೊನ ಕರೀಲಾ?”

“ಸುಮ್ನಿರೇ. ಎಲ್ಲೋ ತಂತಿ ಸಡಿಲ ಇದೆ, ಹಿಡಿದೇ ಬಿಡ್ತೀನಿ.”

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಕೈ ಚಾಚಿದ. ಸ್ಟೂಲು ಓಲಾಡಿತು. ಮರುಕ್ಷಣ ಟಿಹೊಮಿರ್ ನಾಲ್ಕು ತಟ್ಟೆ ಸಸಿಗಳ ಮೇಲೆ ಸಿಂಹಾಸನಾರೂಢನಾಗಿದ್ದ. ಓಡಿಬಂದ ರಾಡ್ಮಿಲಾ ಮೊದಲು ಅವನ ಸೊಂಟ ಮುಟ್ಟಿ ನೋಡಿದಳು, ಆಮೇಲೆ ಸಸಿಗಳನ್ನು. ಬಯ್ಯದೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಬಯ್ದಿದ್ದರೇ ಚೆನ್ನಾಗಿತ್ತು ಎನಿಸಿತು ಅವನಿಗೆ.

ಸ್ಲಾವ್ಕೊ ಬಂದ. ಸ್ಟೂಲು ಹತ್ತಲಿಲ್ಲ, ಚೀಲವನ್ನೂ ಬಿಚ್ಚಲಿಲ್ಲ. ಪರದೆ ಸರಿಸಿ ನೋಡಿ ಕೇಳಿದ: “ಮಾವ, ಈ ಕಿಟಕಿ ಯಾಕೆ ತೆಗೆದಿದೆ?”

ಸಿಗರೇಟಿನ ಹೊಗೆ ಹೋಗಲಿ ಎಂದು ತಾನೇ ಒಂದು ಗೇಣು ತೆರೆದಿದ್ದನ್ನು, ಮೂರು ದಿನದಿಂದ ಮುಚ್ಚಲು ಮರೆತಿದ್ದನ್ನು ಟಿಹೊಮಿರ್ ಗೊಣಗುತ್ತಲೇ ಒಪ್ಪಿಕೊಂಡ.

“ಈ ಟ್ಯೂಬುಗಳಿಗೆ ಥಂಡಿ ಗಾಳಿ ಹೊಡೆದರೆ ಸರಿಯಾಗಿ ಹತ್ತಲ್ಲ ಮಾವ.”

ಕಿಟಕಿ ಮುಚ್ಚಿದ, ಒಲೆಯ ಬಿಸಿ ಬರಲೆಂದು ಅಡುಗೆಮನೆಯ ಬಾಗಿಲು ತೆರೆದ. ಹತ್ತು ನಿಮಿಷದಲ್ಲಿ ದೀಪ ನಿಚ್ಚಳವಾಗಿ ಬೆಳಗಿತು. ಆ ಬೆಳಕಿನಲ್ಲಿ ಚಪ್ಪಟೆಯಾದ ಒಂದೊಂದು ಸಸಿಯೂ ಎಲೆಸಮೇತ ಕಾಣಿಸಿತು. ಟಿಹೊಮಿರ್ ಒಂದನ್ನು ಎರಡು ಬೆರಳಲ್ಲಿ ಎತ್ತಿ ನಿಲ್ಲಿಸಿದ. ಅದು ಮತ್ತೆ ಮಲಗಿತು.

“ತಪ್ಪಾಯ್ತು ಕಣೇ,” ಎಂದ ಮೆಲ್ಲಗೆ.

ರಾಡ್ಮಿಲಾ ಸ್ಲಾವ್ಕೊನತ್ತ ತಿರುಗಿದಳು. “ಇವನನ್ನೂ ಒಳಗೆ ಕರ್ಕೊಂಡು ಹೋಗಿ ಒಲೆ ಹತ್ರ ಕೂರಿಸಪ್ಪ. ಥಂಡಿಗೆ ಇವನ ತಲೆಯ ಟ್ಯೂಬೂ ಹತ್ತಿಕೊಂಡಿಲ್ಲ.”