ಊರ ಕೂಸುಗಳಿಗೆಲ್ಲ ಮಾಮಾ ಸಾಕ್ಷಿ

ನಿಲಂಗಾದ ಕೂಸುಗಳು ತಾಯಂದಿರ ಹೊಟ್ಟೆಯಲ್ಲಿ ಹುಟ್ಟುತ್ತವೆ ಎಂದು ನೀವು ತಿಳಿದಿದ್ದರೆ ತಪ್ಪು. ಅವು ಹುಟ್ಟುತ್ತಿದ್ದುದು ನಮ್ಮ ಮಾಮಾನ ನಾಲಗೆಯ ಮೇಲೆ!

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಕಿರಾಣಿ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಕಚೇರಿಯ ಬೇವಿನ ಮರದಡಿ ಕೂತಿರುತ್ತಿದ್ದ. ನಿಜಾಮನ ಆಳ್ವಿಕೆ ಹೋಗಿ, ಉಸಿರಾಡಲೂ ಕಾಗದ ಕೇಳುವ ಹೊಸ ಸರ್ಕಾರ ಬಂದಿತ್ತು. ಕೂಸಿನ ಹುಟ್ಟು ಬರೆಸಲು ಇಬ್ಬರು ಸಾಕ್ಷಿ ಬೇಕು. ಊರವರಿಗೆ ಬಿಡುವಿಲ್ಲ, ಮಾಮಾನಿಗೆ ಬಿಡುವು ಬಿಟ್ಟರೆ ಬೇರೇನಿಲ್ಲ. ಒಂದು ಕಪ್ ಚಹಾ, ಒಂದು ತಾಟು ಭಜಿ. ಕೂಸು ಹುಟ್ಟಿದ್ದು ಖರೆ!

"ಕಣ್ಣಾರೆ ನೋಡೀನ್ರೀ ಸಾಹೇಬ್ರ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಗಂಡಸರು ಬಾಣಂತಿ ಕೋಣೆಗೆ ಕಾಲಿಡದ ಊರಿನಲ್ಲಿ ಈ ಮಹಾಶಯ ಕಂಡದ್ದಾದರೂ ಏನು? ಒಮ್ಮೆ "ಗಂಡು ಅದರೀ" ಎಂದು ಆಣೆ ಮಾಡಿದ. ಕೂಸಿನ ತಂದೆ ಹಿಂದಿನಿಂದ ಅಂಗಿ ಜಗ್ಗಿ, "ಹೆಣ್ಣರೀ!" ಎಂದ. ಮಾಮಾ ಅಳುಕಲಿಲ್ಲ. "ಅಳೂ ದನಿ ಅಂತೂ ಗಂಡಿಂದೇ ಇತ್ತು, ನನ್ನ ತಪ್ಪೇನು?"

ನಾನು ಇದನ್ನೆಲ್ಲ ನಕಲು ಮಾಡಿ ಓಣಿಯ ಹೆಂಗಸರನ್ನು ನಗಿಸುತ್ತಿದ್ದೆ. ಅವರೂ ಭಜಿ ಕೊಡುತ್ತಿದ್ದರು. ನನ್ನ ದಂಧೆಯೇನು ಅವನದಕ್ಕಿಂತ ದೊಡ್ಡದೇ!

ಆಮೇಲೆ ನಮ್ಮಕ್ಕ ತವರಿನಲ್ಲಿ ಹಡೆದಳು. ಭಾವ ಜ್ವರ ಬಂದು ತೀರಿ ಮೂರು ತಿಂಗಳಾಗಿತ್ತು. ಯೆಣೆಗೂರಿನಲ್ಲಿದ್ದ ಅವನ ಅಣ್ಣಂದಿರು, "ಹೊಲದ ಆಸೆಗೆ ಯಾರದೋ ಕೂಸು ತಂದಿಟ್ಟಾರ" ಎಂದು ಸುದ್ದಿ ಹಬ್ಬಿಸಿದರು. ದಫ್ತರದಲ್ಲಿ ಕೂಸಿನ ಮುಂದೆ ಭಾವನ ಹೆಸರು ಏರದಿದ್ದರೆ ತಾಯಿ-ಮಗುವಿಗೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಒಬ್ಬ ಸಾಕ್ಷಿ ನಾನು. ಆ ಅಣ್ಣಂದಿರಿಗೆ ಹೆದರಿ ಓಣಿಯವರೊಬ್ಬರೂ ಬರಲಿಲ್ಲ. ಉಳಿದವನು ಮಾಮಾ! ಅಕ್ಕನ ಹಣೆಬರಹ ನೋಡಿ!

ಕಾರಕೂನ ಅವನನ್ನು ಕಂಡೊಡನೆ ನಕ್ಕ. "ಏನ್ರೀ, ಇದನ್ನೂ ಕಣ್ಣಾರೆ ನೋಡೀರೇನು?"

ಮಾಮಾ ಎದೆ ತಟ್ಟಿಕೊಳ್ಳಲು ಎತ್ತಿದ ಕೈಯನ್ನು ಇಳಿಸಿದ.

"ಇಲ್ರೀ. ಇನ್ನಾ ನೋಡಿಲ್ಲ. ತಡೀರಿ, ನೋಡಿ ಬರ್ತೀನಿ."

ಕಚೇರಿಗೆ ಕಚೇರಿಯೇ ನಕ್ಕಿತು. ಊರಿಗೆಲ್ಲ ಸುಳ್ಳು ಹೇಳಿದವನಿಗೆ ನಮ್ಮ ಪಾಳಿಗೇ ಸತ್ಯ ನೆನಪಾಗಬೇಕೆ!

ಮನೆಗೆ ಬಂದು ಕೈಕಾಲು ತೊಳೆದ, ವಿಭೂತಿ ಹಚ್ಚಿದ, ಬಾಣಂತಿ ಕೋಣೆಯ ಹೊಸ್ತಿಲ ಹೊರಗೇ ಕೂತು ತೊಡೆಯ ಮೇಲೆ ಧೋತರ ಹರವಿದ. "ತಾ ಅಕ್ಕಾ, ಕೂಸಿನ್ನ ಇಲ್ಲಿ ಹಾಕು." ಅವ್ವ ತಂದು ಮಲಗಿಸಿದಳು.

"ಮಾಮಾ, ಈ ಸಲನಾರ ಹೆಣ್ಣೋ ಗಂಡೋ ಛಂದಾಗಿ ನೋಡ್ಕೋ" ಎಂದು ಚುಚ್ಚಿದೆ. ಅವನು ಬಾಗಿ ಕೂಸಿನ ಕಿವಿ ಮುಟ್ಟುತ್ತಿದ್ದ.

ಮತ್ತೆ ಕಚೇರಿ. "ಹೆಣ್ಣು ಅದರೀ" ಎಂದ.

"ತಂದಿ ಇಂಥವನೇ ಅಂತ ನಿಮಗ ಹ್ಯಾಂಗ ಗೊತ್ತು?"

"ಸಾಹೇಬ್ರ, ಲಗ್ನದಾಗ ನಮ್ಮ ಅಳಿಯಗ ಬಾಸಿಂಗ ಕಟ್ಟಿದಂವ ನಾನ. ಅವನ ಎಡಗಿವಿ ಮ್ಯಾಲ ಮಡಚಿತ್ತು. ದಾರ ನಿಲ್ಲಲಿಲ್ಲ, ಮೂರು ಸಲ ಕಟ್ಟೀನಿ. ಈಗ ಕೂಸಿನ ಕಿವಿ ಮುಟ್ಟಿ ಬಂದೀನಿ. ಅದೇ ಕಿವಿ ರೀ..."

ಅವನ ಬೆರಳುಗಳು ಗಾಳಿಯಲ್ಲಿ, ಇಲ್ಲದ ದಾರವೊಂದನ್ನು ಜಾರದಂತೆ ಕಟ್ಟುತ್ತಿದ್ದವು. ಕಾರಕೂನ ನಗಲಿಲ್ಲ. ಟಾಕನ್ನು ಮಸಿಯಲ್ಲಿ ಅದ್ದಿ, ನಿಧಾನವಾಗಿ, ಭಾವನ ಹೆಸರು ಬರೆದ.