ಮೋತ್ಯಾ ಮತ್ತು ಕೂರ್ಮರಾಯರು

ವರ್ಷಾನುಗಟ್ಟಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಗಂಟೆ ಬಾರಿಸಿ ಶಾಲೆ ಬಿಟ್ಟರೂ ಅವನ ಪಾಠ ಮಾತ್ರ ನಿಲ್ಲುವುದಿಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ಅದು ಯಾಕೆ ಸಿಡಿಯಿತು ಎಂದು ನಾನು ಹೆಂಡತಿಗೆ ವಿವರಿಸಲು ಹೋಗುತ್ತೇನೆ. ಆಗ ಅವಳು ಸೌಟು ಹಿಡಿದುಕೊಂಡು ನನ್ನತ್ತ ಬೀರುವ ನೋಟಕ್ಕೆ ಮಾತ್ರ ನನ್ನ ವಿಜ್ಞಾನದಲ್ಲಿ ವಿವರಣೆ ಇಲ್ಲ. ಇಂಥ ನಾನು ಹೋದ ಬೇಸಿಗೆಯಲ್ಲಿ, “ಆಮೆಗೆ ಪ್ರೀತಿಗೀತಿ ಏನೂ ಇರೂದಿಲ್ಲ, ಅದು ಶೀತರಕ್ತದ ಪ್ರಾಣಿ” ಎಂದು ಮನೆಮಂದಿಯ ಮುಂದೆ ಠರಾವು ಮಂಡಿಸಿ ಮುಖಭಂಗ ಮಾಡಿಕೊಂಡೆ. ಅದನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ನನಗೆ ಉಂಡದ್ದು ಜೀರ್ಣವಾಗುವುದಿಲ್ಲ.

ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಮೋತ್ಯಾ ಎಂಬ ನಾಯಿ ಇದೆ. ಬೀದಿಯಿಂದ ಬಂದದ್ದು, ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಬೊಗಳುವುದರಲ್ಲಿ ಅದಕ್ಕೆ ಹಗಲು ಇರುಳು, ಗೆಳೆಯ ವೈರಿ ಎಂಬ ಭೇದವಿಲ್ಲ. ಹೋದ ವರ್ಷ ಮುದ್ದೇಬಿಹಾಳದ ಅಣ್ಣನ ಮನೆಯಿಂದ ಅವ್ವ ನಮ್ಮಲ್ಲಿಗೆ ಬಂದಳು. ಜೊತೆಗೆ ಎರಡು ಮಡಿ ಸೀರೆ, ಒಂದು ಜಪಮಣಿ, ತಂಗಡಗಿಯಲ್ಲಿ ತುಂಬಿಸಿಕೊಂಡ ಕೃಷ್ಣಾ ನದಿ ನೀರಿನ ದೊಡ್ಡ ಬಾಟಲಿ. ಮೋತ್ಯಾನ ನೆರಳು ಹೊಸ್ತಿಲ ಮೇಲೆ ಬಿದ್ದರೂ ಸಾಕು, ಅವ್ವ ಬಾಟಲಿ ತೆಗೆದು ಪ್ರೋಕ್ಷಣೆ ಮಾಡುತ್ತಿದ್ದಳು. ಎಂಟು ದಿನಕ್ಕೆ ಬಾಟಲಿ ಖಾಲಿ. ನಾನು ಬಸ್ಸು ಹತ್ತಿ ತಂಗಡಗಿಗೆ ಹೋಗಿ ತುಂಬಿಸಿಕೊಂಡು ಬಂದೆ. ಮೂರನೇ ಸಲ ಖಾಲಿಯಾದಾಗ ಅವ್ವನ ಬಾಯಿಂದ ತೀರ್ಪು ಬಂತು. “ನನ್ನ ಮಡಿ ಹ್ಯಾಂಗ ಉಳೀಬೇಕು ಈ ಮನ್ಯಾಗ? ಒಂದೋ ಆ ನಾಯಿ ಇರಲಿ, ಇಲ್ಲಾ ನಾ ಇರ್ತೀನಿ. ಕನ್ನೊಳ್ಳಿ ಶೀನೂನ ಹೊಲಕ್ಕ ಕಳಿಸಿಬಿಡು ಅದನ್ನ.”

ಶೀನು ನನ್ನ ಸೋದರತ್ತೆಯ ಮಗ. ತಿಂಗಳ ಕೊನೆಗೆ ಗಾಡಿ ತಂದು ನಾಯಿಯನ್ನು ಒಯ್ಯುತ್ತೇನೆ ಎಂದು ಫೋನಿನಲ್ಲಿ ಒಪ್ಪಿಕೊಂಡೂ ಬಿಟ್ಟ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವ್ವನಿಗೆ ‘ಆಗಲಿ’ ಎಂದೂ, ಹೆಂಡತಿಗೆ ‘ನೋಡೋಣ’ ಎಂದೂ ಹೇಳಿ ನಾನು ಇಬ್ಬರಿಗೂ ಬೇಡವಾದೆ. ಆದರೆ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲಿ ಆ ಜೋತುಬಿದ್ದ ಕಿವಿ ಕಾಣದ ಸಂಜೆಯನ್ನು ಊಹಿಸಿಕೊಂಡರೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಓಣಿಯ ಬಾವಿಯ ಹೂಳು ತೆಗೆಯುವ ಕಾಲ ಬಂತು. ಮನೆಮನೆಗೆ ನಳ ಬಂದಿದ್ದರೂ ಬೇಳೆ ಬೇಯಲು ಮತ್ತು ಅವ್ವನಂಥವರ ಮಡಿಗೆ ಈ ಬಾವಿಯ ನೀರೇ ಆಗಬೇಕು. ನೀರಿನ ಹುಳಹುಪ್ಪಟೆ ತಿಂದು ಶುದ್ಧವಾಗಿಡಲಿ ಎಂದು ಹಿಂದಿನವರು ಬಿಟ್ಟ ಒಂದು ಆಮೆ ಅದರಲ್ಲಿದೆ. ಹೂಳು ತೆಗೆದು ನೀರು ಮತ್ತೆ ಊರುವವರೆಗೆ ಆಮೆಯನ್ನು ಒಬ್ಬರ ಮನೆಯಲ್ಲಿ ಇಡುವುದು ವಾಡಿಕೆ, ವರ್ಷಕ್ಕೊಂದು ಮನೆ. ಬಾವಿಯ ಉಸ್ತುವಾರಿ ನೋಡುವ ಸಂಗಪ್ಪ ಬುಟ್ಟಿ ತಂದು ನಮ್ಮ ಕಟ್ಟೆಯ ಮೇಲಿಟ್ಟು, “ಸರ, ಈ ಸಲ ಪಾಳಿ ನಿಮ್ದು ಐತ್ರಿ. ಹದಿನೈದು ದಿನಾ ಜ್ವಾಕಿ ಮಾಡ್ರಿ” ಎಂದ. ಆಮೆ ಸಾಕುವುದು ಕಾನೂನಿಗೆ ವಿರುದ್ಧ ಎಂದು ಮಕ್ಕಳಿಗೆ ಪಾಠ ಹೇಳುವವನು ನಾನೇ. ಇದು ಸಾಕುವುದಲ್ಲ, ಅತಿಥಿ ಸತ್ಕಾರ ಎಂದು ಸಮಾಧಾನ ಹೇಳಿಕೊಂಡೆ. ಅವ್ವನಿಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. “ಅಗಬಾಯಿ! ಸಾಕ್ಷಾತ್ ಕೂರ್ಮಾವತಾರ ಮನಿಗೆ ಬಂದದ!” ಎಂದು ಕುಂಕುಮ ಹಚ್ಚಿ, ಕೂರ್ಮರಾಯರು ಎಂದು ಹೆಸರಿಟ್ಟು, ಹಿತ್ತಲಿನ ಕಲ್ಲಿನ ತೊಟ್ಟಿಯಲ್ಲಿ ಪ್ರತಿಷ್ಠಾಪನೆ ಮಾಡಿಸಿದಳು.

ಮೋತ್ಯಾ ಮೊದಲು ಅರ್ಧ ಗಂಟೆ ಬೊಗಳಿತು. ಕೂರ್ಮರಾಯರು ತಲೆ ಒಳಗೆಳೆದುಕೊಂಡು ಸುಮ್ಮನಾದರು. ಬೊಗಳಿದರೂ ಓಡದ, ತಿರುಗಿ ಬೈಯದ ಪ್ರಾಣಿಯನ್ನು ಮೋತ್ಯಾ ಅಂದೇ ಮೊದಲು ಕಂಡದ್ದು. ದಣಿದು ಎದುರಿಗೆ ಕುಳಿತಿತು. ಬಹಳ ಹೊತ್ತಿನ ಮೇಲೆ ಚಿಪ್ಪಿನಿಂದ ತಲೆ ಹೊರಬಂದದ್ದೇ ತಡ, ಮೋತ್ಯಾ ನಾಲಿಗೆ ಚಾಚಿ ಒಮ್ಮೆ ನೆಕ್ಕಿಬಿಟ್ಟಿತು. ಅಲ್ಲಿಗೆ ಶುರುವಾಯಿತು ನೋಡಿ! ಸಂಜೆ ತೊಟ್ಟಿಯಿಂದ ಇಳಿಸಿದರೆ ಆಮೆ ನೇರವಾಗಿ ನಾಯಿಯ ಕಡೆಗೇ ಹೊರಡುತ್ತಿತ್ತು. ನಾಯಿ ನಾಲ್ಕು ಹೆಜ್ಜೆ ನಡೆದು, ನಿಂತು, ತಿರುಗಿ ನೋಡಿ, ಅದು ಬಂದು ಮುಟ್ಟುವವರೆಗೂ ಕಾಯುತ್ತಿತ್ತು. ಇಡೀ ಹಿತ್ತಲು ಸುತ್ತಲು ಇಬ್ಬರಿಗೂ ಒಂದು ತಾಸು. ಬೊಗಳುವುದಂತೂ ನಿಂತೇ ಹೋಯಿತು. ನಾನು ಗಂಟಲು ಸರಿಪಡಿಸಿಕೊಂಡು, ಆಮೆಗೆ ಬೇಕಾದದ್ದು ನಾಯಿಯಲ್ಲ, ನಾಯಿಯ ಮೈಯ ಕಾವು ಎಂದು ವಿವರಿಸಿದೆ. ಇಂಡಿ ಊರಿನ ನಿಂಬೆ ತೋಟದಲ್ಲಿ ಬೆಳೆದ ನನ್ನ ಹೆಂಡತಿಯ ಮಾತೂ ಹುಳಿಯೇ. “ಅಲ್ರೀ, ಇಂಥಾ ಬ್ಯಾಸಗ್ಯಾಗ ಕಾವಿಗೇನ ಕಡಿಮಿ ಅದ? ಆ ಬಂಡಿಗಲ್ಲ ಮ್ಯಾಲೆ ಹೋಗಿ ಕೂತ್ರ ಬೆನ್ನ ಸುಡ್ತದ. ಅದನ್ನ ಬಿಟ್ಟು ಇದರ ಹಿಂದ ಯಾಕ ಅಡ್ಡಾಡಬೇಕು?” ಎಂದಳು.

ಅವ್ವನ ಪೇಚು ಬೇರೆಯೇ. “ಅಲ್ಲೋ, ನಾಯಿ ದೇವರನ್ನ ನೆಕ್ಕಿದ್ರ ದೇವರು ಮೈಲಿಗಿ ಆಗ್ತಾನೋ, ನಾಯಿ ಮಡಿ ಆಗ್ತದೋ?” ಎಂದು ನನ್ನನ್ನೇ ಕೇಳಿದಳು. ಈ ಪಾಠ ಎಸ್ಸೆಸ್ಸೆಲ್ಸಿಯವರೆಗೆ ಎಲ್ಲೂ ಇಲ್ಲ. ಆದರೂ ಕನ್ನೊಳ್ಳಿಯ ತೀರ್ಪನ್ನು ಅವಳೇನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗಾಡಿ ಬರುವ ಹಿಂದಿನ ದಿನ ಏಕಾದಶಿ. ಮಧ್ಯಾಹ್ನ ಹಿತ್ತಲಿಗೆ ಹೋಗಿ ನೋಡಿದರೆ ತೊಟ್ಟಿ ಖಾಲಿ! ಮುಂಜಾನೆ ತೊಟ್ಟಿ ತೊಳೆಯಲು ಆಮೆಯನ್ನು ಇಳಿಸಿದವನು ಮತ್ತೆ ಎತ್ತಿಡುವುದನ್ನು ಮರೆತಿದ್ದೆ. ಬಚ್ಚಲು, ಸೌದೆ ಗೂಡು, ತುಳಸಿ ಕಟ್ಟೆಯ ಹಿಂದೆ, ಎಲ್ಲೂ ಇಲ್ಲ. ಓಣಿಯವರ ಆಮೆ ಅದು. “ನಾಳೆ ಮಂದಿಗೆ ಏನ್ ಮಾರಿ ತೋರಸ್ಲಿ?” ಎಂದು ಅವ್ವ ಉಪವಾಸದ ಹೊಟ್ಟೆಯಲ್ಲಿ ಗೋಳಾಡತೊಡಗಿದಳು. ಆಗ ಮೋತ್ಯಾ ಮೂಗು ನೆಲಕ್ಕೆ ಹಚ್ಚಿತು. ಅವ್ವ ಬಂದಾಗಿನಿಂದ ದಾಟದ ಹಿತ್ತಲ ಬಾಗಿಲು ದಾಟಿತು, ಪಡಸಾಲೆ ದಾಟಿತು, ನೆಟ್ಟಗೆ ದೇವರ ಕೋಣೆಯತ್ತ ಓಡಿತು! “ಹಿಡೀರೋ ಅದನ್ನ!” ಎಂದು ಅವ್ವ ಕಿರುಚಿದಳು. ನಾನು ಹಿಂದೆ ಓಡಿದೆ, ಹೆಂಡತಿ ನನ್ನ ಹಿಂದೆ ಓಡಿದಳು.

ದೇವರ ಕೋಣೆಯ ಹೊಸ್ತಿಲ ಮುಂದೆ ಮೋತ್ಯಾ ಗಕ್ಕನೆ ನಿಂತಿತು. ಒಂದು ಕಾಲನ್ನೂ ಒಳಗಿಡಲಿಲ್ಲ. ಅಲ್ಲೇ ಹೊಟ್ಟೆ ನೆಲಕ್ಕೆ ಹಚ್ಚಿ, ಗದ್ದವನ್ನು ಹೊಸ್ತಿಲ ಮೇಲಿಟ್ಟು ಕುಂಯ್ ಎಂದಿತು. ನೋಡಿದರೆ ದೇವರ ಮಣೆಯ ಕೆಳಗೆ, ನಿನ್ನೆಯ ತುಳಸಿಯ ನಡುವೆ ಕೂರ್ಮರಾಯರು! ಎತ್ತಿಕೊಳ್ಳಲು ನಾನು ಬಗ್ಗಿದರೆ ಅವ್ವ “ಸ್ನಾನ ಆಗೇದೇನು ನಿನ್ನದು?” ಎಂದು ನನ್ನನ್ನೇ ತಡೆದಳು. ಮೋತ್ಯಾ ಇನ್ನೊಮ್ಮೆ ಕುಂಯ್ ಎಂದಿತು. ಚಿಪ್ಪಿನಿಂದ ತಲೆ ಹೊರಬಂತು. ಒಂದು ಹೆಜ್ಜೆ. ಮತ್ತೊಂದು. ಕ್ರಿಕೆಟ್ಟಿನ ಕೊನೆಯ ಓವರಿನಲ್ಲೂ ನನ್ನ ಎದೆ ಹಾಗೆ ಹೊಡೆದುಕೊಂಡಿಲ್ಲ. ಆ ನಾಲ್ಕು ಮೊಳದ ನೆಲ ದಾಟಲು ಅದು ತೆಗೆದುಕೊಂಡ ಹೊತ್ತಿನಲ್ಲಿ ನಾನು ಒಂದು ಪಾಠ ಮುಗಿಸಬಹುದಿತ್ತು. ಕೊನೆಗೆ ಹೊಸ್ತಿಲಿಗೆ ಬಂದು, ಕತ್ತು ಉದ್ದ ಮಾಡಿ, ಮೋತ್ಯಾನ ಮೂಗಿಗೆ ತನ್ನ ಮೂಗು ತಾಗಿಸಿತು. “ಶಾಭಾಸ್!” ಎಂದು ನಾನು ಕೂಗಿ ಚಪ್ಪಾಳೆ ಹೊಡೆದೇಬಿಟ್ಟೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನು ತರಿಸಿದಳು. “ಶೀನೂ, ಗಾಡಿ ತರಬ್ಯಾಡೋ. ನಾಯಿ ಬರೂದಿಲ್ಲ. ಯಾವ ಹೊಸ್ತಿಲಾ ದಾಟಬಾರದು ಅನ್ನೋದು ಅದಕ್ಕ ತಿಳೀತದ. ಈ ಮನ್ಯಾಗ ಎಲ್ಲಾರಿಗೂ ಅಷ್ಟು ತಿಳಿಯೂದಿಲ್ಲ” ಎಂದಳು. ಹಿಂದಿನ ವಾರ ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ನುಗ್ಗಿದವನು ನಾನು. ನಾಯಿ ಉಳಿಯಿತಲ್ಲ ಎಂಬ ಖುಷಿಯಲ್ಲಿ ಆ ಮಾತು ನನಗೆ ಚುಚ್ಚಲೇ ಇಲ್ಲ.

ನಾಲ್ಕು ದಿನಕ್ಕೆ ಬಾವಿಯಲ್ಲಿ ನೀರು ಊರಿತು. ಸಂಗಪ್ಪ ಬಂದು ಆಮೆಯನ್ನು ಒಯ್ದ. ಮೋತ್ಯಾ ತೊಟ್ಟಿಯ ಪಕ್ಕದಲ್ಲಿ ಮಲಗಿದ್ದು ಏಳಲಿಲ್ಲ. “ಅತ್ತಿ, ಇದು ಉಣವಲ್ದು” ಎಂದು ಹೆಂಡತಿ ಹೇಳಿದಾಗ ಅವ್ವ ತಾನೇ ಹಾಲಿನಲ್ಲಿ ಜೋಳದ ಭಕ್ರಿ ಕಲಸಿ ಅದರ ಮುಂದೆ ಇಟ್ಟಳು. ಮೂಸಿಯೂ ನೋಡಲಿಲ್ಲ. ಎರಡನೇ ದಿನ ಅವಳು ನನ್ನನ್ನು ಕರೆದು, “ದಿನಾ ಮುಂಜಾನೆ ಇದನ್ನ ಬಾವೀಗೆ ಕರಕೊಂಡ ಹೋಗು. ದರ್ಶನ ಆಗಲಿ” ಎಂದು ಅಪ್ಪಣೆ ಕೊಟ್ಟಳು. ಅಂದಿನಿಂದ ನನ್ನ ದಿನಚರಿ ಇಷ್ಟೇ. ಕೈಯಲ್ಲಿ ಆಮೆಗೆ ಭಕ್ರಿ, ಪಕ್ಕದಲ್ಲಿ ಮೋತ್ಯಾ. ಕಟ್ಟೆಗೆ ಮುಂಗಾಲಿಟ್ಟು ಅದು ಒಮ್ಮೆ ಕುಂಯ್ ಎಂದರೆ ಕೆಳಗೆ ನೀರು ಅಲುಗಿ ತಲೆಯೊಂದು ಮೇಲೇಳುತ್ತದೆ. ದರ್ಶನವಾದ ಮೇಲೆ ಮೋತ್ಯಾ ಮನೆಗೆ ಬಂದು ಗಡದ್ದಾಗಿ ಉಣ್ಣುತ್ತದೆ. ಭಕ್ರಿಯ ಆಸೆಗೆ ಬರುವ ಆಮೆ ಅದು, ಬೇರೆ ಏನೂ ಇಲ್ಲ ಎಂದು ಸಹೋದ್ಯೋಗಿಗಳ ಮುಂದೆ ನಾನು ನಗುತ್ತ ಹೇಳುತ್ತಿದ್ದೆ.

ಮೊನ್ನೆ ಜಿಟಿಜಿಟಿ ಮಳೆ. ಎಷ್ಟು ಎಬ್ಬಿಸಿದರೂ ಮೋತ್ಯಾ ಏಳದೆ ಮಗ್ಗುಲು ಬದಲಿಸಿ ಮಲಗಿತು. ನಾನು ಛತ್ರಿ ಹಿಡಿದು, ಭಕ್ರಿ ಕಿಸೆಯಲ್ಲಿಟ್ಟುಕೊಂಡು ಒಬ್ಬನೇ ಹೊರಟೆ. “ಎತ್ತ ಹೊಂಟ್ರಿ?” ಎಂದು ಹೆಂಡತಿ ಕೇಳಿದ್ದಕ್ಕೆ “ವಾಕಿಂಗ್” ಎಂದೆ. ಬಾವಿಗೆ ಬಗ್ಗಿ ನೋಡಿದರೆ ಆಮೆ ಮೇಲೆ ಬಂತು. ಭಕ್ರಿ ಮುರಿದು ಹಾಕಿದೆ. ಅದು ತಿನ್ನದೆ, ಕತ್ತು ಎತ್ತಿ ಕಟ್ಟೆಯತ್ತಲೇ ನೋಡುತ್ತಿತ್ತು. “ಇವತ್ತ ಮಳಿ ನೋಡ್ರಿ, ಮೋತ್ಯಾ ಮಲಗೇದ. ನಾಳೆ ಖಂಡಿತ ಕರಕೊಂಡ ಬರ್ತೀನಿ” ಎಂದು ನಾನು ಬಾವಿಗೆ ಬಗ್ಗಿ ವಿವರವಾಗಿ ಹೇಳಿದೆ. ತಿರುಗಿದರೆ ಹಿಂದೆ ಸಂಗಪ್ಪ, ಹೆಗಲ ಮೇಲೆ ಕೊಡ, ಮುಖದ ತುಂಬ ನಗು.

“ಏನಂತೈತ್ರಿ ಸರ, ಆಮಿ?”

ಶೀತರಕ್ತದ ಪ್ರಾಣಿಗಳ ಬಗ್ಗೆ ಹೇಳೋಣ ಎಂದು ಬಾಯಿ ತೆರೆದೆ. ಬಂದ ಮಾತೇ ಬೇರೆ.

“ಸಿಟ್ಟು ಮಾಡ್ಕೊಂಡದಪ್ಪಾ” ಎಂದೆ.